ಮೂರನೆಯ ಲೋಟ

ಜೊಕಿಂ ಮಾಸ್ತರರ ಹತ್ತಿರ ವೈನ್ ರುಚಿ ನೋಡುವುದನ್ನು ಕಲಿಯಲು ಬಂದವರಿಗೆ ಮೊದಲ ಆರು ತಿಂಗಳು ಸಿಗುತ್ತಿದ್ದದ್ದು ಬರೀ ನೀರು.

ಕೆರೆಯ ನೀರು, ಬೋರ್‌ವೆಲ್ ನೀರು, ಮಳೆಯ ನೀರು, ಹೂಜಿಯಲ್ಲಿಟ್ಟ ನೀರು. ಕಣ್ಣು ಮುಚ್ಚಿಕೊಂಡು ಯಾವುದು ಯಾವುದೆಂದು ಹೇಳಬೇಕು. ಹೆಚ್ಚಿನವರು ಎರಡನೆಯ ತಿಂಗಳಿಗೇ ಚೀಲ ಕಟ್ಟುತ್ತಿದ್ದರು.

ಮಹಾನಂದಾ ಕಟ್ಟಲಿಲ್ಲ.

ಅವಳು ವಿಜಯಪುರದ ಕಡೆಯವಳು. ಅಪ್ಪ ದ್ರಾಕ್ಷಿ ಬೆಳೆದು, ಒಣಗಿಸಿ ಮಾರುವವನು. ಮನೆಯಲ್ಲಿ ಯಾರೂ ಹೆಂಡದ ಹನಿ ಮುಟ್ಟಿದವರಲ್ಲ. ಮಗಳು ವೈನ್ ಕಲಿಯುತ್ತೇನೆಂದಾಗ ಅಪ್ಪ ಎರಡು ದಿನ ಮಾತಾಡಲಿಲ್ಲ.

ಮೂರನೆಯ ದಿನ ಹೇಳಿದ. "ನಮ್ಮ ಹಣ್ಣು ಊರು ಬಿಟ್ಟ ಮ್ಯಾಲ ಏನಾಗತೈತಿ ಅಂತ ನಮ್ಮನ್ಯಾಗ ಒಬ್ಬರಿಗಾದ್ರೂ ಗೊತ್ತಿರಲಿ. ಹೋಗು."

ಹೀಗೆ ಬಂದವಳು ನಂದಿ ಬೆಟ್ಟದ ತಪ್ಪಲಿನ ಮಾಸ್ತರರ ಮನೆಯಲ್ಲಿ ಮೂರು ವರ್ಷ ಕಲಿತಳು. ಮೂರು ವರ್ಷದಲ್ಲಿ ಒಮ್ಮೆಯೂ ಅವರ ಮಾತಿಗೆ ಎದುರಾಡಲಿಲ್ಲ. ಆಡುವ ಅಗತ್ಯವೂ ಬಿದ್ದಿರಲಿಲ್ಲ. ಮಾಸ್ತರರು ತಪ್ಪು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಈಗ ಅವಳಿಗೊಂದು ಕೆಲಸ ಕಾದಿತ್ತು. ಅವಳ ಊರಿನ ಹತ್ತಿರವೇ ಹೊಸದೊಂದು ವೈನರಿ ಆರಂಭವಾಗುತ್ತಿತ್ತು. ಯಾವ ಪೀಪಾಯಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತೀರ್ಪು ಹೇಳಬೇಕಾದ ಕೆಲಸ. ವೈನರಿಯವರು ಕೇಳಿದ್ದು ಒಂದೇ. "ನಿಮ್ಮ ಮಾಸ್ತರರಿಂದ ಒಂದು ಕಾಗದ ತನ್ನಿ. ಈಕೆಯನ್ನು ನಂಬಬಹುದು ಅಂತ ಅವರು ಬರೆದರೆ ಸಾಕು."

ಅವಳು ಹೋಗಿ ಮಾಸ್ತರರನ್ನು ಕೇಳಿದಳು.

"ಬರೆಯುವ," ಎಂದರು ಅವರು.

"ಯಾವಾಗ್ರಿ ಸರ್?"

"ಇಟಲಿಯಿಂದ ಬಂದ ಮೇಲೆ."

"ನೀವು ಇಟಲಿಗೆ ಹೊಂಟೀರಿ?"

"ನಾವು," ಎಂದರು ಮಾಸ್ತರರು.

ಮಾಸ್ತರರಿಗೆ ಇಟಲಿ ಹೊಸದಲ್ಲ. ಹರೆಯದಲ್ಲಿ ಪಾದ್ರಿಯಾಗಬೇಕೆಂದು ಮಂಗಳೂರಿನಿಂದ ಹೊರಟು, ಅಲ್ಲಿಯ ಗುಡ್ಡವೊಂದರ ಮೇಲಿನ ಮಠದಲ್ಲಿ ಹನ್ನೊಂದು ವರ್ಷ ಇದ್ದವರು. ಮಠದವರು ಅವರಿಗೆ ಕೊಟ್ಟದ್ದು ನೆಲಮಾಳಿಗೆಯ ವೈನ್ ಪೀಪಾಯಿಗಳನ್ನು ನೋಡಿಕೊಳ್ಳುವ ಕೆಲಸ. ಕೊನೆಗೆ ಪಾದ್ರಿಯಂತೂ ಆಗಲಿಲ್ಲ. ಮೂಗು ಮಾತ್ರ ತಯಾರಾಗಿ ಬಂತು.

ಆ ಮೂಗಿಗೆ ಈಗ ಎಪ್ಪತ್ತೆರಡು ವರ್ಷ.

*

ಮಠದ ಗುಡ್ಡದ ಆಚೆ ಮಗ್ಗುಲಲ್ಲಿ ಒಂದು ಸಣ್ಣ ವೈನರಿ. ಅಸ್ಸುಂತಾ ಎಂಬ ವಿಧವೆ ಅದನ್ನು ಒಬ್ಬಳೇ ನಡೆಸುತ್ತಿದ್ದಳು. ಮಾಸ್ತರರಿಗೆ ಅವಳು ಮಠದ ದಿನಗಳಿಂದ ಪರಿಚಯ.

ಮಹಾನಂದಾ ದಾರಿಯುದ್ದಕ್ಕೂ ಏನೇನೋ ಊಹಿಸಿಕೊಂಡಿದ್ದಳು. ಅಮೃತಶಿಲೆಯ ನೆಲ, ತೂಗುದೀಪ, ಬಿಳಿ ಕೈಗವಸು ತೊಟ್ಟ ಜನ.

ಬಂದು ನೋಡಿದರೆ ಒಂದು ಅಂಗಳ. ಗೋಡೆಗೆ ಒರಗಿಸಿದ ಏಣಿ, ನಾಲ್ಕು ಕೋಳಿ, ಒಂದು ಮರದ ಮೇಜು, ಮೂರು ಪ್ಲಾಸ್ಟಿಕ್ ಕುರ್ಚಿ. ಕೆಳಗೆ ಇಳಿಜಾರಿನಲ್ಲಿ ಬಳ್ಳಿಗಳ ಸಾಲು.

"ಇದೇನ್ರಿ ವೈನರಿ?"

"ನಿನ್ನ ಅಪ್ಪನ ತೋಟಕ್ಕೆ ಬಂದವರೂ ಹೀಗೇ ಕೇಳಿಯಾರು," ಎಂದರು ಮಾಸ್ತರರು.

ಅಸ್ಸುಂತಾ ಒಳಗಿನಿಂದ ಕೂಗುತ್ತಲೇ ಬಂದಳು. "ಜ್ವಾಕ್ಕೀನೊ!" ಮಾಸ್ತರರ ಹೆಸರು ಅವಳ ಬಾಯಲ್ಲಿ ಹಾಗಾಗಿತ್ತು. ದಪ್ಪ ಮೈ, ಕುಂಟು ನಡೆ, ದ್ರಾಕ್ಷಿ ಕರೆ ಹಿಡಿದ ಬೆರಳು. ಮಹಾನಂದಾಳ ಎರಡೂ ಕೆನ್ನೆ ಹಿಂಡಿ ಏನೋ ಅಂದಳು.

"ಏನಂದ್ರು ಸರ್?"

"ಕೂತುಕೋ ಅಂದಳು. ಮೊದಲು ತಿನ್ನಬೇಕಂತೆ."

ಮೇಜಿನ ಮೇಲೆ ಬ್ರೆಡ್ಡು, ಆಲಿವ್ ಎಣ್ಣೆ, ಗಟ್ಟಿ ಚೀಸಿನ ತುಂಡು ಬಂದವು. ವೈನಿಗೆ ಕಾಲುಳ್ಳ ಗಾಜಿನ ಪಾತ್ರೆ ಬರಲಿಲ್ಲ. ನೀರು ಕುಡಿಯುವ ಗಿಡ್ಡ ಲೋಟಗಳು ಬಂದವು.

ಮಹಾನಂದಾ ಚೀಲದಿಂದ ತನ್ನ ನೋಟ್‌ಬುಕ್ಕು ತೆಗೆದಳು.

ಮೊದಲನೆಯದು ಬಿಳಿ ವೈನ್. ಮಾಸ್ತರರು ಲೋಟವನ್ನು ಅಲುಗಿಸಿದರು, ಮೂಗಿಗೆ ಹಿಡಿದರು, ಕೆಳಗಿಟ್ಟರು.

"ಹೇಳು," ಎಂದರು.

ಮಹಾನಂದಾ ಬೆನ್ನು ನೆಟ್ಟಗೆ ಮಾಡಿಕೊಂಡಳು. ಪರದೇಶ, ಪರದೇಶದ ಹೆಂಗಸು. ಮಾಸ್ತರರ ಮರ್ಯಾದೆ ಉಳಿಸಬೇಕು.

"ಗೂಸ್‌ಬೆರಿ ಐತ್ರಿ. ಎಲ್ಡರ್ ಹೂವಿನ ವಾಸನಿ ಐತ್ರಿ."

"ಗೂಸ್‌ಬೆರಿ ತಿಂದಿದ್ದೀಯಾ?"

"ಇಲ್ರಿ."

"ಎಲ್ಡರ್ ಹೂ ನೋಡಿದ್ದೀಯಾ?"

"ಓದೀನ್ರಿ."

"ಹಾಗಾದರೆ ನೀನು ಪುಸ್ತಕ ಕುಡಿದದ್ದು. ಈಗ ವೈನ್ ಕುಡಿ."

ಅವಳ ಮುಖ ಕೆಂಪಾಯಿತು. ಲೋಟವನ್ನು ಮತ್ತೆ ಎತ್ತಿದಳು. ಈ ಸಲ ಕಣ್ಣು ಮುಚ್ಚಿದಳು.

"ಎಳೀ ಸೌತಿಕಾಯಿ ಕೊಯ್ದಾಗ ಮೊದಲ ಹೋಳಿಂದು ಒಂದ್ ವಾಸನಿ ಬರತೈತಲ್ರಿ, ಅದು. ನಿಂಬಿ ಎಲಿ ಅಂಗೈಯಾಗ ತಿಕ್ಕಿದಂಗ. ಕಡೀಕ ಸ್ವಲ್ಪ ಉಪ್ಪು."

"ಉಪ್ಪು ಎಲ್ಲಿ? ಮುಂದೆಯಾ, ಹಿಂದೆಯಾ?"

"ನುಂಗಿದ ಮ್ಯಾಲೆ, ಹಿಂದ."

"ಹೌದು," ಎಂದರು ಮಾಸ್ತರರು. ಅದನ್ನು ಅಸ್ಸುಂತಾಳಿಗೆ ಅವಳ ಭಾಷೆಯಲ್ಲಿ ಹೇಳಿದರು. ಅವಳು ಮೇಜು ಕುಟ್ಟಿ ನಕ್ಕು ಮಹಾನಂದಾಳ ಮುಂದೆ ಇನ್ನೊಂದು ತುಂಡು ಬ್ರೆಡ್ಡು ತಳ್ಳಿದಳು.

ಎರಡನೆಯದು ಕೆಂಪು. ಅಲ್ಲಿಯ ಬಾರ್ಬೆರಾ ಎಂಬ ದ್ರಾಕ್ಷಿಯದು. ಆ ಹಣ್ಣೇ ಹುಳಿ ಸ್ವಭಾವದ್ದು.

"ಹೇಳು."

"ನಮ್ಮ ಒಣದ್ರಾಕ್ಷಿ ಶೆಡ್ಡಿನ ಬಾಗಲಾ ನಾಲ್ಕನೇ ದಿನ ತೆಗೀತೀವ್ರಿ. ಆಗ ಒಂದ್ ಬಿಸಿ ಗಾಳಿ ಮುಖಕ್ಕ ಬಡೀತೈತಿ. ಹಸೀನೂ ಅಲ್ಲ, ಒಣಗಿದ್ದೂ ಅಲ್ಲ. ಹಂಗೈತ್ರಿ ಇದು. ಅದರ ಮ್ಯಾಲ ನೇರಳಿ ಹಣ್ಣಿನ ಒಗರು."

ಮಾಸ್ತರರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಇನ್ನೂ ಹೇಳು."

ಅವಳು ಹೇಳಿದಳು. ಅವರು ಮತ್ತೆ "ಇನ್ನೂ" ಎಂದರು. ಮನೆಯಲ್ಲಿ ಎಂದೂ ಅವರು ಇಷ್ಟು ಕೇಳಿದವರಲ್ಲ. ಎರಡು ಮಾತಿಗೆ ಸಾಕು ಅನ್ನುವವರು. ಮಹಾನಂದಾ ಹಿಗ್ಗಿದಳು. ಕಾಗದ ಇಲ್ಲಿಯೇ, ಈ ಮೇಜಿನ ಮೇಲೆಯೇ ಬರೆದುಕೊಟ್ಟಾರು ಅನಿಸಿತು.

"ಹೌದು," ಎಂದರು ಮಾಸ್ತರರು. "ಸರಿಯಾಗಿ ಹೇಳಿದೆ."

*

ಮೂರನೆಯ ಲೋಟಕ್ಕೆ ಅಸ್ಸುಂತಾ ಸೀಸೆ ತರಲಿಲ್ಲ. ನೆಲಮಾಳಿಗೆಗೆ ಇಳಿದು ಹೂಜಿಯಲ್ಲಿ ತುಂಬಿಸಿ ತಂದಳು. ಅವಳ ನಗು ಕೆಳಗೇ ಉಳಿದುಹೋದಂತಿತ್ತು. ಮಾಸ್ತರರ ಎದುರು ಕೂತು ಬಹಳ ಹೊತ್ತು ಮಾತಾಡಿದಳು.

"ಎಂತ ಅಂದರೆ," ಮಾಸ್ತರರು ಕನ್ನಡದಲ್ಲಿ ಹೇಳಿದರು, "ಹೋದ ವರ್ಷ ಆಲಿಕಲ್ಲು ಬಿದ್ದು ಅರ್ಧ ಹಣ್ಣು ಉದುರಿತಂತೆ. ಉಳಿದದ್ದರಲ್ಲಿ ಒಂದು ದೊಡ್ಡ ಟ್ಯಾಂಕು ವೈನ್ ಆಯಿತು, ಮತ್ತೆ ಇದು, ಒಂದು ದೊಡ್ಡ ಪೀಪಾಯಿ. ಚಳಿಗಾಲದಲ್ಲಿ ಇವಳು ಕಾಲು ಮುರಿದುಕೊಂಡಳು. ಎರಡು ತಿಂಗಳು ಕೆಳಗಿಳಿದು ಪೀಪಾಯಿ ನೋಡಲು ಆಗಲಿಲ್ಲ. ಈಗ ಇದನ್ನು ಟ್ಯಾಂಕಿನದಕ್ಕೆ ಸೇರಿಸಬಹುದಾ, ಬಾರದಾ ಅಂತ ಕೇಳುತ್ತಾಳೆ."

"ಅವರಿಗ ಗೊತ್ತಾಗಂಗಿಲ್ಲೇನ್ರಿ?"

"ನಲವತ್ತು ವರ್ಷ ಅದೇ ನೆಲಮಾಳಿಗೆಯ ಗಾಳಿ ಕುಡಿದಿದ್ದಾಳೆ. ಅವಳಿಗೆ ಎಲ್ಲವೂ ಮನೆಯ ವಾಸನೆಯೇ. ಅದಕ್ಕೇ ನನಗೆ ಕಾಗದ ಬರೆದದ್ದು."

ಆಲಿಕಲ್ಲು ಎಂದರೆ ಮಹಾನಂದಾಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಹತ್ತನೇ ತರಗತಿಯಲ್ಲಿದ್ದಾಗ ಅವರ ತೋಟಕ್ಕೂ ಬಿದ್ದಿತ್ತು. ಅಪ್ಪ ಒಂದೂ ಮಾತಾಡದೆ ನೆಲದ ಮೇಲಿನ ಗೊಂಚಲುಗಳನ್ನು ಬುಟ್ಟಿಗೆ ತುಂಬುತ್ತಿದ್ದ. ಸಂಜೆಯವರೆಗೂ ತುಂಬಿದ.

ಅವಳು ಮೂರನೆಯ ಲೋಟವನ್ನು ಮೂಗಿಗೆ ಹಿಡಿದಳು.

ಮೊದಲು ಬಂದದ್ದು ನೇಲ್ ಪಾಲಿಶ್ ವಾಸನೆ. ಅಕ್ಕನ ಮದುವೆಯಲ್ಲಿ ಐದಾರು ಹುಡುಗಿಯರು ಒಂದೇ ಕೋಣೆಯಲ್ಲಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ಬಂದಂಥದು. ಅದರ ಬೆನ್ನಿಗೇ ವಿನಿಗರ್. ಮೂಗಿನ ಒಳಗೆ ಸಣ್ಣಗೆ ಚುಚ್ಚಿತು.

ಇನ್ನೊಮ್ಮೆ ನೋಡಿದಳು. ಅನುಮಾನವೇ ಇರಲಿಲ್ಲ. ಪೀಪಾಯಿ ಹುಳಿ ಹಿಡಿದಿತ್ತು. ಇದನ್ನು ಒಳ್ಳೆಯದಕ್ಕೆ ಸೇರಿಸಿದರೆ ಅದೂ ಇದರ ದಾರಿ ಹಿಡಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಬರೆದಳು. ನೇಲ್ ಪಾಲಿಶ್. ವಿನಿಗರ್. ಕೆಟ್ಟಿದೆ.

ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಸ್ಸುಂತಾ ಕೈ ಅಡ್ಡ ಹಿಡಿದಳು. ಇವಳನ್ನಲ್ಲ, ನಿನ್ನನ್ನು ಕೇಳುತ್ತಿದ್ದೇನೆ ಎನ್ನುವ ಹಾಗೆ ಮಾಸ್ತರರ ಕಡೆ ಬೆರಳು ತೋರಿಸಿದಳು.

ಮಾಸ್ತರರು ಲೋಟ ಎತ್ತಿದರು. ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಒಂದು ಗುಟುಕು ಬಾಯಲ್ಲಿ ಹೊರಳಿಸಿ ನುಂಗಿದರು.

ಅಸ್ಸುಂತಾ ಅವರ ಮುಖವನ್ನೇ ನೋಡುತ್ತಿದ್ದಳು.

ಮಾಸ್ತರರು ಇಟಲಿಯ ಮಾತಿನಲ್ಲಿ ಏನೋ ಹೇಳಿದರು. ಆಮೇಲೆ ಮಹಾನಂದಾಳ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದರು.

"ಹುಳಿ ಉಂಟು. ಆದರೆ ಅದು ಹಣ್ಣಿನದ್ದೇ ಹುಳಿ. ಒಳ್ಳೆಯದೇ ಉಂಟು."

ಮಹಾನಂದಾ ನೋಟ್‌ಬುಕ್ಕಿನ ಸಾಲನ್ನು ಮತ್ತೊಮ್ಮೆ ಓದಿದಳು.

"ನೀನು ಎಂತ ಹೇಳುತ್ತೀ?" ಮಾಸ್ತರರು ಕೇಳಿದರು.

ಅವಳು ಅವರ ಮುಖ ನೋಡಿದಳು. ಇಡೀ ನಂದಿ ಸೀಮೆಯ ಬೆಳೆಗಾರರು ನಂಬಿದ ಮೂಗು. ಅದರ ಮುಂದೆ ತನ್ನದು ಮೂರು ವರ್ಷದ್ದು. ತನಗೇ ಏನೋ ತಪ್ಪಿರಬೇಕು. ಚೀಸಿನ ವಾಸನೆ ಮೂಗಿನಲ್ಲಿ ಕೂತಿರಬೇಕು.

"ಹೌದ್ರಿ ಸರ್."

"ಸರಿಯಾಗಿ ನೋಡಿದ್ದೀಯಾ?"

"ನೋಡೀನ್ರಿ. ನೀವು ಹೇಳಿದ ಮ್ಯಾಲೆ ಮುಗೀತ್ರಿ."

ಮಾಸ್ತರರು ಮತ್ತೆ ಕೇಳಲಿಲ್ಲ.

ಅವಳು ನೋಟ್‌ಬುಕ್ಕಿನ ಆ ಸಾಲಿನ ಮೇಲೆ ಗೆರೆ ಎಳೆದಳು. ಕೆಳಗೆ ಬರೆದಳು. ಒಳ್ಳೆಯದು.

ಅಸ್ಸುಂತಾ ಎದ್ದು ಮಾಸ್ತರರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಈಗಲೇ ಬನ್ನಿ ಎಂದು ಕೈಬೀಸಿ ನೆಲಮಾಳಿಗೆಯ ಮೆಟ್ಟಿಲ ಕಡೆ ನಡೆದಳು.

*

ಕೆಳಗೆ ತಂಪು. ಒಂದು ಬದಿಗೆ ಆಳೆತ್ತರದ ಸ್ಟೀಲ್ ಟ್ಯಾಂಕು, ಇನ್ನೊಂದು ಬದಿಗೆ ಕಪ್ಪಾದ ಹಳೆಯ ಪೀಪಾಯಿ. ನಡುವೆ ನೆಲದ ಮೇಲೆ ಒಂದು ಪುಟ್ಟ ಪಂಪು. ಪೈಪಿನ ಒಂದು ತುದಿ ಆಗಲೇ ಟ್ಯಾಂಕಿನೊಳಗಿತ್ತು. ಅಸ್ಸುಂತಾ ಬೆಳಗ್ಗೆಯೇ ಎಲ್ಲ ಜೋಡಿಸಿಟ್ಟು ಕಾದಿದ್ದಳು.

ಇನ್ನೊಂದು ತುದಿಯನ್ನು ಎತ್ತಿ ಪೀಪಾಯಿಯ ಬಾಯಿಗೆ ಇಳಿಸಿದಳು. ಹಾಡು ಗುನುಗುತ್ತಿದ್ದಳು.

ಪೀಪಾಯಿಯ ಮುಚ್ಚಳ ತೆಗೆದಾಗಿತ್ತು. ಆ ಮುಚ್ಚಿದ ಜಾಗದಲ್ಲಿ ವಾಸನೆ ಎದ್ದು ನಿಂತಿತು. ಮಹಾನಂದಾಳ ಕಣ್ಣು ಉರಿಯಿತು.

ಮಾಸ್ತರರು ಪಕ್ಕದಲ್ಲೇ ಇದ್ದರು. ಅವರ ಮುಖದಲ್ಲಿ ಏನೂ ಅಲುಗಲಿಲ್ಲ.

ತಪ್ಪು ತನ್ನದಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಚೀಸಲ್ಲ, ಗಾಳಿಯಲ್ಲ. ಇದು ಇದ್ದದ್ದು ಇದ್ದ ಹಾಗೇ ಇದೆ. ಮಾಸ್ತರರು ಏನಾದರೂ ಹೇಳಲಿ, ಇಡೀ ಸೀಮೆ ಏನಾದರೂ ಹೇಳಲಿ.

ಅಸ್ಸುಂತಾ ಪಂಪಿನ ಗುಂಡಿಯ ಕಡೆ ಬಗ್ಗಿದಳು.

"ಬ್ಯಾಡ್ರಿ ಅವ್ವಾ!"

ಮಹಾನಂದಾ ಎರಡು ಹೆಜ್ಜೆಗೆ ಅಲ್ಲಿದ್ದಳು. ಪೀಪಾಯಿಯೊಳಗಿನ ಪೈಪನ್ನು ಕಿತ್ತು ಎದೆಗೆ ಹಿಡಿದುಕೊಂಡಳು. ತುದಿಯಿಂದ ವೈನ್ ತೊಟ್ಟಿಕ್ಕಿ ಅವಳ ಕುರ್ತಾ ತೊಯ್ದಿತು.

ಕನ್ನಡ ಅಸ್ಸುಂತಾಳಿಗೆ ತಿಳಿಯುವ ಹಾಗಿಲ್ಲ. ಆದರೂ ಕೈ ಗುಂಡಿಯ ಮೇಲೇ ನಿಂತಿತು.

ಮಹಾನಂದಾ ಮಾತು ಹುಡುಕಿದಳು. ಇಟಲಿಗೆ ಬಂದ ಮೂರು ದಿನದಲ್ಲಿ ಅವಳಿಗೆ ಆ ಭಾಷೆಯ ಹತ್ತು ಹನ್ನೆರಡು ಪದ ಬಂದಿದ್ದವು. ಅದರಲ್ಲಿ ಒಂದು, ಹೋಟೆಲಿನ ಊಟದ ಮೇಜಿನಲ್ಲಿ ಎಣ್ಣೆಯ ಪಕ್ಕ ಇಡುವ ವಿನಿಗರ್ ಸೀಸೆಯ ಹೆಸರು.

"ಅಚೇತೊ," ಎಂದಳು. ಪೀಪಾಯಿಯತ್ತ ಬೆರಳು ಮಾಡಿದಳು. "ಅಚೇತೊ."

ವೈನ್ ಮಾಡುವವರ ಮನೆಯಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಅಸ್ಸುಂತಾಳ ಮುಖ ಬಿಳಚಿತು. ನಿಧಾನಕ್ಕೆ ಮಾಸ್ತರರ ಕಡೆ ತಿರುಗಿದಳು.

"ಜ್ವಾಕ್ಕೀನೊ?"

ಮಹಾನಂದಾ ಪೈಪು ಬಿಡಲಿಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಮಾಸ್ತರರ ಕಣ್ಣಲ್ಲಿ ಕಣ್ಣಿಟ್ಟು ನಿಂತಳು.

"ತಪ್ಪಾತ್ರಿ ಸರ್. ಇದು ಕೆಟ್ಟೈತ್ರಿ. ನಾ ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳಾಕತ್ತೀನಿ."

ಮಾಸ್ತರರು ಬಲಗೈ ಎತ್ತಿ ತಮ್ಮ ಮೂಗನ್ನು ಮುಟ್ಟಿ ತೋರಿಸಿದರು, ತಲೆ ಅಡ್ಡ ಅಲ್ಲಾಡಿಸಿದರು, ಅಸ್ಸುಂತಾಳಿಗೆ ಅವಳ ಭಾಷೆಯಲ್ಲಿ ನಾಲ್ಕೈದು ಮಾತು ಹೇಳಿದರು.

ಅಸ್ಸುಂತಾ ಅವರನ್ನೇ ನೋಡಿದಳು. ಒಂದು ಲೋಟ ಪೀಪಾಯಿಯಿಂದ ತುಂಬಿಕೊಂಡು ಕುಂಟುತ್ತಾ ಮೆಟ್ಟಿಲು ಹತ್ತಿ ಹೊರಗೆ ಹೋದಳು.

*

"ಏನಂದ್ರಿ ಅವರಿಗೆ?" ಮಹಾನಂದಾ ಕೇಳಿದಳು.

"ನನ್ನ ಮೂಗು ಸತ್ತಿದೆ, ಈ ಹುಡುಗಿಯನ್ನು ನಂಬು ಅಂದೆ."

ಅವಳ ಕೈಯ ಪೈಪು ಜಾರಿ ನೆಲಕ್ಕೆ ಬಿತ್ತು.

"ಮಳೆಗಾಲದಲ್ಲಿ ನನಗೆ ಜ್ವರ ಬಂದದ್ದು ನೆನಪುಂಟಾ?"

"ಹತ್ತು ದಿನ ಮಲಗಿದ್ರಿ."

"ಜ್ವರ ಹೋಯಿತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಕಾಫಿ ಬಿಸಿನೀರಿನ ಹಾಗೆ ಉಂಟು. ಮಲ್ಲಿಗೆ ಕಾಗದದ ಹಾಗೆ. ನಾಲಿಗೆಗೆ ಹುಳಿ, ಉಪ್ಪು, ಸಿಹಿ ಮಾತ್ರ ಉಳಿದದ್ದು. ಡಾಕ್ಟರು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅಂದರು."

"ನನಗ ಯಾಕ ಹೇಳಲಿಲ್ರಿ?"

"ಹೆದರಿಕೆ."

"ನಿಮಗ?"

"ನನಗೇ. ಮೂಗಿಲ್ಲದ ಮಾಸ್ತರನ ಹತ್ತಿರ ಯಾರು ಕಲಿಯುತ್ತಾರೆ ಮಾರಾಯ್ತಿ?"

ಮಹಾನಂದಾ ಪೀಪಾಯಿಗೆ ಒರಗಿ ನಿಂತಳು. ಅಂಗಳದಲ್ಲಿ ಅವರು ಕಣ್ಣು ಮುಚ್ಚಿ "ಇನ್ನೂ ಹೇಳು" ಎಂದದ್ದು ಯಾಕೆಂದು ಈಗ ತಿಳಿಯಿತು. ಮೆಚ್ಚಿ ಕೇಳುತ್ತಿದ್ದಾರೆ ಎಂದುಕೊಂಡಿದ್ದಳು. ಅವರು ಹಸಿದು ಕೇಳುತ್ತಿದ್ದರು.

ಅವಳಿಗೆ ಸಂಕಟವಾಯಿತು. ಸಿಟ್ಟೂ ಬಂತು. ಸಿಟ್ಟೇ ಮೊದಲು ಬಾಯಿಗೆ ಬಂತು.

"ಹಂಗಾದ್ರ ನನ್ನ ಇಲ್ಲೀತನಕ ಯಾಕ ಕರಕೊಂಡ ಬಂದ್ರಿ?"

"ಇವಳಿಗೆ ಬರುತ್ತೇನೆ ಅಂತ ಮಾತು ಕೊಟ್ಟದ್ದು ಜ್ವರಕ್ಕಿಂತ ಮೊದಲು. ನಿನ್ನ ಮೂಗು ನೆಚ್ಚಿಕೊಂಡು ಬಂದೆ. ನೀನು ಹೇಳುವುದು, ನಾನು ಹೌದು ಅನ್ನುವುದು. ಎರಡು ಲೋಟ ಹಾಗೇ ನಡೆಯಿತು."

"ಅದು ಮೋಸ ಅಲ್ರಿ?"

"ಮೋಸವೇ."

"ಮೂರನೇದಕ್ಕ ಗೊತ್ತಾಗಂಗಿಲ್ಲ ಅಂತ ಅನ್ನಬಹುದಿತ್ತಲ್ರಿ. ಅವರ ವರ್ಷದ ಬೆಳಿ ಹೋಗತಿತ್ತು."

"ಹೌದು. ಅನ್ನಬೇಕಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಾ ಇದ್ದಳು. ನಲವತ್ತು ವರ್ಷ ಹೇಳದ ಮಾತು, ಬಾಯಿಗೆ ಬರಲಿಲ್ಲ. ಅದಕ್ಕೇ ನಿನ್ನನ್ನು ಎರಡು ಸಲ ಕೇಳಿದೆ. ನೀನು ನನ್ನನ್ನು ತಡೆಯುತ್ತೀ ಅಂದುಕೊಂಡೆ."

ಆ ಎರಡು ಪ್ರಶ್ನೆ ಮಹಾನಂದಾಳಿಗೂ ನೆನಪಿದ್ದವು. ಎರಡಕ್ಕೂ ಕೊಟ್ಟ ಉತ್ತರವೂ.

"ನಿಮ್ಮ ಮೂಗಿನ ಮುಂದ ನನ್ನದೇನು ಅಂದ್ಕೊಂಡೆ," ಎಂದಳು.

"ಆಗ ನನಗೆ ಮೂಗೇ ಇರಲಿಲ್ಲ."

"ಅದು ನನಗ ಗೊತ್ತಿರಲಿಲ್ರಿ."

"ಪೈಪು ಕಿತ್ತಾಗಲೂ ಗೊತ್ತಿರಲಿಲ್ಲ," ಎಂದರು ಮಾಸ್ತರರು.

*

ಮೆಟ್ಟಿಲ ಮೇಲೆ ಕುಂಟು ಹೆಜ್ಜೆಯ ಸದ್ದಾಯಿತು.

ಅಸ್ಸುಂತಾ ಮೇಲೆ ಬಳ್ಳಿಗಳ ನಡುವೆ, ಗಾಳಿಗೆ ಮುಖ ಕೊಟ್ಟು ಬಹಳ ಹೊತ್ತು ನಿಂತಿದ್ದಳಂತೆ. ಮೂಗಿನಿಂದ ನೆಲಮಾಳಿಗೆಯ ವಾಸನೆಯೆಲ್ಲ ಹೊರಟುಹೋಗಲಿ ಎಂದು. ಆಮೇಲೆ ಲೋಟ ಎತ್ತಿ ನೋಡಿದಳಂತೆ.

ಕೆಳಗೆ ಬಂದವಳು ಲೋಟದಲ್ಲಿ ಉಳಿದದ್ದನ್ನು ಮೋರಿಗೆ ಚೆಲ್ಲಿದಳು.

"ಅಚೇತೊ," ಎಂದಳು.

ಅಸ್ಸುಂತಾ ಪೀಪಾಯಿಯ ಮೇಲೆ ಕೈಯಿಟ್ಟಳು, ದನದ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದಳು. ಆಮೇಲೆ ಟ್ಯಾಂಕಿನ ಬಳಿಗೆ ಹೋಗಿ, ಅದರೊಳಗಿದ್ದ ಪೈಪನ್ನು ಎಳೆದು ತೆಗೆದು, ಮುಚ್ಚಳ ಭದ್ರ ಮಾಡಿದಳು. ಗೂಡಿನಿಂದ ಸೀಮೆಸುಣ್ಣ ತಂದು ಪೀಪಾಯಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅದೇ ಮಾತು ಬರೆದಳು.

ಮಾಸ್ತರರ ಎದುರು ಬಂದು ಸೊಂಟಕ್ಕೆ ಕೈಕೊಟ್ಟು ಒಂದೇ ಸಮನೆ ಬೈದಳು. ಮಾಸ್ತರರು ತಲೆ ತಗ್ಗಿಸಿ ಕೇಳಿದರು. ಬೈಗುಳದ ಕೊನೆಗೆ ಅವಳು ತನ್ನ ಎಡಗಿವಿ ತೋರಿಸಿ ಇನ್ನೇನೋ ಸೇರಿಸಿದಳು. ಮಾಸ್ತರರು ತಲೆ ಎತ್ತಿ ಜೋರಾಗಿ ನಕ್ಕುಬಿಟ್ಟರು.

"ಏನ್ರಿ?"

"ಮೂವತ್ತು ವರ್ಷದಿಂದ ಅವಳಿಗೆ ಆ ಕಿವಿ ಕೇಳುವುದಿಲ್ಲವಂತೆ. ಅದನ್ನು ಅವಳೂ ನನಗೆ ಹೇಳಿರಲಿಲ್ಲ."

ಅಸ್ಸುಂತಾ ಮಹಾನಂದಾಳ ಹತ್ತಿರ ಬಂದಳು. ತೊಯ್ದ ಕುರ್ತಾ ನೋಡಿದಳು. ತನ್ನ ಏಪ್ರನ್ ಬಿಚ್ಚಿ ಅವಳ ಕೊರಳಿಗೆ ಹಾಕಿ, ಹಿಂದೆ ಗಂಟು ಕಟ್ಟಿದಳು. ಕೆನ್ನೆ ಹಿಂಡಲಿಲ್ಲ. ಕೈ ಕುಲುಕಿದಳು.

"ಈ ಪೀಪಾಯಿ ಪೂರ್ತಿ ವಿನಿಗರ್ ಆಗಲಿ ಅಂತಾಳೆ," ಎಂದರು ಮಾಸ್ತರರು. "ಇವಳ ಅಮ್ಮ ಒಳ್ಳೆಯ ವಿನಿಗರ್ ಮಾಡುತ್ತಿದ್ದಳು. ಟ್ಯಾಂಕು ಉಳಿಯಿತಲ್ಲ, ಸಾಕು ಅಂತಾಳೆ."

*

ಮತ್ತೆ ಅಂಗಳಕ್ಕೆ ಬಂದು ಕೂತರು. ಇಳಿಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು. ಒಂದು ಕೋಳಿ ಬ್ರೆಡ್ಡಿನ ಚೂರು ಹೆಕ್ಕುತ್ತಿತ್ತು.

ಮಾಸ್ತರರು ಕೈ ಚಾಚಿದರು. "ನಿನ್ನ ಪುಸ್ತಕ ಕೊಡು."

ಮಹಾನಂದಾ ನೋಟ್‌ಬುಕ್ಕು ಕೊಟ್ಟಳು. ಅವರು ಆ ಪುಟ ತೆರೆದು, ಕನ್ನಡಕ ಏರಿಸಿ ಓದಿದರು. ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು.

"ಗಟ್ಟಿಯಾಗಿ ಓದು."

"ನೇಲ್ ಪಾಲಿಶ್. ವಿನಿಗರ್. ಕೆಟ್ಟಿದೆ."

"ಅದರ ಕೆಳಗಿನದ್ದು?"

"ಒಳ್ಳೆಯದು."

"ಯಾರ ಅಕ್ಷರ ಅದು?"

"ನಂದ್ರಿ."

"ಮಾತು?"

ಅವಳು ಪೆನ್ನು ತೆಗೆದು 'ಒಳ್ಳೆಯದು' ಎಂಬುದನ್ನು ಹೊಡೆದುಹಾಕಿದಳು. ಮೇಲಿನ ಸಾಲನ್ನು ಹಾಳೆಯ ಕೆಳಗೆ ಮತ್ತೊಮ್ಮೆ, ಸ್ಪಷ್ಟವಾಗಿ ಬರೆದಳು.

ಮಾಸ್ತರರು ಜೇಬಿನಿಂದ ಒಂದು ಮಡಿಸಿದ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ವೈನರಿಯವರು ಕೇಳಿದ ಕಾಗದ. ಊರಿನಲ್ಲೇ ಬರೆದು ತಂದಿದ್ದೆ. ಈಕೆಯನ್ನು ನಂಬಬಹುದು ಅಂತ ಉಂಟು. ಆದರೆ ಬರೆದವನ ಕಥೆ ನಿನಗೆ ಈಗ ಗೊತ್ತಾಯಿತಲ್ಲ. ಬೇಕಾ?"

ಮಹಾನಂದಾ ಹಾಳೆಯನ್ನು ನೋಡಿದಳು. ಬೆಳಗ್ಗೆಯವರೆಗೂ ಅದಕ್ಕಿಂತ ದೊಡ್ಡ ವಸ್ತು ಲೋಕದಲ್ಲಿ ಅವಳಿಗೆ ಇರಲಿಲ್ಲ. ಬಿಡಿಸಿ ಓದಬೇಕೆಂದೂ ಈಗ ಅನಿಸಲಿಲ್ಲ.

"ಬ್ಯಾಡ್ರಿ."

"ಮತ್ತೆ ಅವರಿಗೆ ಎಂತ ಹೇಳುತ್ತೀ?"

"ನಿಮ್ಮ ಪೀಪಾಯಿ ತೋರಸ್ರಿ, ನೋಡಿ ಹೇಳ್ತೀನಿ ಅಂತೀನಿ. ನಂಬಿದ್ರ ಕೆಲಸಾ ಕೊಡ್ಲಿ. ಇಲ್ಲಾಂದ್ರ ಬ್ಯಾರೆ ಪೀಪಾಯಿ ಅದಾವ್ರಿ."

ಮಾಸ್ತರರು ಹಾಳೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಅವರ ಮುಖ ಹಗುರಾಗಿತ್ತು. ಮಳೆಗಾಲದಿಂದ ಈಚೆಗೆ ಅವಳು ಆ ಮುಖವನ್ನು ಹಾಗೆ ನೋಡಿರಲಿಲ್ಲ.

"ನಿಮ್ಮ ಹತ್ರ ಇನ್ನೂ ಕಲಿಯೋದೈತ್ರಿ ಸರ್," ಎಂದಳು. "ನಾ ಕೆಲಸಕ್ಕ ಹೋದ ಮ್ಯಾಲೂ ತಿಂಗಳಿಗೊಮ್ಮೆ ಬರ್ತೀನಿ. ಹೊಸಬರು ಬಂದ್ರ ಅವರಿಗೂ ಹೇಳ್ರಿ, ಮೂಗು ಹೋಗೈತಿ ಅಂತ. ಉಳಿಯೋರು ಉಳೀತಾರ."

"ಹೇಳುವ," ಎಂದರು ಮಾಸ್ತರರು. "ನೀರು ಕೊಡುವ ಮೊದಲೇ ಹೇಳುವ."

ಅಸ್ಸುಂತಾ ಹೂಜಿ ಹಿಡಿದು ಬಂದಳು. ಟ್ಯಾಂಕಿನ ವೈನ್. ಆಲಿಕಲ್ಲಿಗೆ ಸಿಗದೆ ಉಳಿದ ಹಣ್ಣಿನದು, ಇನ್ನೂ ಹೊರಗಿನವರು ಯಾರೂ ರುಚಿ ನೋಡದ್ದು. ಮೂರು ಲೋಟಕ್ಕೂ ಕಂಠದವರೆಗೆ ಸುರಿದಳು. ಕೂತುಕೊಂಡು, ಈ ಸಲ ಮಹಾನಂದಾಳ ಕಡೆಯೇ ನೋಡಿದಳು.

ಮಹಾನಂದಾ ಮೊದಲು ಮಾಸ್ತರರತ್ತ ನೋಡಿದಳು.

ಅವರು ಲೋಟವನ್ನು ಮೂಗಿಗೆ ಹಿಡಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು.

"ಹೇಳು ಮಾರಾಯ್ತಿ," ಎಂದರು, "ನಾನು ಎಂತ ಕುಡಿಯುತ್ತಾ ಇದ್ದೇನೆ?"